ಫೈಟರ್ ಮೀನು ಗದ್ದೆಯಲ್ಲಿ ಬದುಕುತ್ತೆ, ಬಾಟಲಿಯಲ್ಲಿ ಯಾಕೆ ಸೊರಗುತ್ತೆ?

1. ಗದ್ದೆಬದು

ಅಂಗಡಿಗಳಲ್ಲಿ ಕೇಳಿಬರುವ ಮಾತು ಒಂದೇ: "ಇದು ಥಾಯ್ಲೆಂಡ್ ಗದ್ದೆ ಮೀನು ಸಾರ್, ಒಂದು ಲೋಟ ನೀರಿದ್ದರೆ ಸಾಕು, ಪಂಪೂ ಬೇಡ, ಏನೂ ಬೇಡ." ಗದ್ದೆ ಮೀನು ಅನ್ನೋದು ನಿಜ. ಲೋಟ ಸಾಕು ಅನ್ನೋದು ಅದರಿಂದ ಹುಟ್ಟಿಸಿಕೊಂಡ ಸುಳ್ಳು.

ಲೆಕ್ಕ ಹಾಕಿ. ಒಂದು ಎಕರೆ ಅಂದರೆ ಸುಮಾರು 4,047 ಚದರ ಮೀಟರ್. ಅದರಲ್ಲಿ ಬರೀ 10 ಸೆಂ.ಮೀ. ನೀರು ನಿಂತರೂ 4 ಲಕ್ಷ ಲೀಟರ್ ದಾಟುತ್ತೆ. ಗದ್ದೆಯ ನೀರಿಗೆ ಆಳ ಕಡಿಮೆ ಅಷ್ಟೇ, ನೀರು ಕಡಿಮೆಯಲ್ಲ. ಕೆಳಗೆ ಕೆಸರು, ನಡುವೆ ಪೈರು, ಮೇಲೆ ಪಾಚಿ. ಮೀನು ಹಾಕಿದ ಹೊಲಸನ್ನು ಗಿಡವೂ ಮಣ್ಣೂ ತಿಂದು ತೇಗುತ್ತವೆ. ಅರ್ಧ ಲೀಟರಿನ ಬಾಟಲಿಯಲ್ಲಿ ಆ ಹೊಲಸು ವಾಪಸ್ ಹೋಗೋದು ಮೀನಿನ ಕಿವಿರಿಗೇ.

ಫೈಟರ್ ಮೀನಿನ (ವೈಜ್ಞಾನಿಕ ಹೆಸರು ಬೆಟ್ಟಾ ಸ್ಪ್ಲೆಂಡೆನ್ಸ್) ಬಗ್ಗೆ ಗೊತ್ತಿರೋರು ಇಲ್ಲಿ ಬರೀರಿ. ಗದ್ದೆಯಲ್ಲಿ ನಿಜಕ್ಕೂ ಏನಿದೆ, ಅದರಲ್ಲಿ ಯಾವುದನ್ನು ತೊಟ್ಟಿಯೊಳಗೆ ತರಬೇಕು, ಯಾವುದು ಬೇಕಿಲ್ಲ. "ಮುದ್ದಾಗಿದೆ" ಅನ್ನೋ ಕಾಮೆಂಟು, ಫೋಟೋ ಬೇರೆ ಕಡೆ ಹಾಕಿ.

2. ಕೆಸರುಗಾಲು

ಮೊದಲು ಊರು ಹೇಳಿಬಿಡೋಣ. ಇದರ ತವರು ಮಧ್ಯ ಥಾಯ್ಲೆಂಡ್, ಚಾವೊ ಫ್ರಾಯಾ ನದಿಯ ಬಯಲು. ಅಲ್ಲಿನವರು ಕರೆಯೋದು "ಪ್ಲಾ ಕಟ್". ಪ್ಲಾ ಅಂದರೆ ಮೀನು, ಕಟ್ ಅಂದರೆ ಕಚ್ಚು. ನಮ್ಮಲ್ಲಿ ಗಿಡ್ಡ ರೆಕ್ಕೆಯ ತಳಿಗೆ ಮಾತ್ರ "ಪ್ಲಕಟ್" ಅನ್ನೋದು ವ್ಯಾಪಾರದ ಅಭ್ಯಾಸ, ಅಲ್ಲಿ ಇಡೀ ಜಾತಿಗೇ ಅದು ಹೆಸರು. ಸಯಾಮಿನ (ಥಾಯ್ಲೆಂಡಿನ ಹಳೇ ಹೆಸರು) ದೊರೆ ಕೊಟ್ಟ ಮೀನುಗಳು 1840ರಲ್ಲಿ ವೈದ್ಯ, ಪ್ರಾಣಿಶಾಸ್ತ್ರಜ್ಞ ಥಿಯೋಡೋರ್ ಕ್ಯಾಂಟರ್ ಕೈ ಸೇರಿದವು. ಆತ 1849ರಲ್ಲಿ ಬೇರೆ ಹೆಸರಿನಲ್ಲಿ ವರ್ಣಿಸಿದ. ಈಗಿನ ಹೆಸರು ಬಂದದ್ದು 1910ರಲ್ಲಿ, ಮೀನುಶಾಸ್ತ್ರಜ್ಞ ರೇಗನ್ ಇಟ್ಟದ್ದು. 2019ರಲ್ಲಿ ಥಾಯ್ ಸರ್ಕಾರ ಇದನ್ನು ರಾಷ್ಟ್ರೀಯ ಜಲಚರ ಅಂತ ಘೋಷಿಸಿತು.

ಗದ್ದೆ ಇದಕ್ಕೆ ವರ್ಷವಿಡೀ ಇರೋ ಮನೆಯಲ್ಲ. ಮಳೆ ಹಿಡಿದು ಕಾಲುವೆ ಉಕ್ಕಿದಾಗ ನೀರಿನ ಜೊತೆ ಗದ್ದೆಗೆ ಹರಡುತ್ತೆ, ಅಲ್ಲೇ ಮರಿ ಮಾಡುತ್ತೆ. ನೀರು ಇಳಿದಂತೆ ಕಾಲುವೆ, ಹೊಂಡ, ಗುಂಡಿಗಳಿಗೆ ಸರಿಯುತ್ತೆ. ಬೇಸಿಗೆಯಲ್ಲಿ ಗುಂಡಿಗಳಲ್ಲಿ ಸಿಕ್ಕಿಬಿದ್ದವು ಒಂದಷ್ಟು ದಿನ ಹೇಗೋ ತಡೆಯುತ್ತವೆ, ಬಹಳಷ್ಟು ಸಾಯುತ್ತವೆ. ಬರಗಾಲದಲ್ಲಿ ತಡೆದುಕೊಂಡದ್ದನ್ನೇ ಅಂಗಡಿಯವರು ಸುಖ ಅಂತ ಮಾರುತ್ತಿರೋದು.

3. ಗುಳ್ಳೆಗೂಡು

ಕೆಸರುಗಾಲು ಸರ್ ಹೇಳಿದ್ದಕ್ಕೆ ಉಸಿರಾಟದ್ದೊಂದು ಸೇರಿಸ್ತೀನಿ.

ಕಿವಿರಿನ ಮೇಲ್ಭಾಗದಲ್ಲಿ ಮಡಿಕೆ ಮಡಿಕೆಯಾದ ಒಂದು ಅಂಗ ಇದೆ, ಲ್ಯಾಬಿರಿಂತ್ ಅಂತಾರೆ. ಅದರಲ್ಲಿ ರಕ್ತನಾಳ ದಟ್ಟವಾಗಿದೆ. ಮೀನು ಮೇಲೆ ಬಂದು ಒಂದು ಗುಟುಕು ಗಾಳಿ ಹಿಡಿದು ಅಲ್ಲಿಗೆ ತಳ್ಳುತ್ತೆ. ಬೇಕಾದರೆ ಬಳಸುವ ಹೆಚ್ಚುವರಿ ಸೌಕರ್ಯ ಅಲ್ಲ ಇದು. ಬಲಿತ ಮೀನನ್ನು ಮೇಲೆ ಬರದಂತೆ ತಡೆದರೆ ನೀರಿನೊಳಗೇ ಉಸಿರುಕಟ್ಟಿ ಸಾಯುತ್ತೆ.

ಅದಕ್ಕೇ ಎರಡು ಮಾತು. ಒಂದು, ಗಾಳಿ ಪಂಪ್ ಇಲ್ಲದಿದ್ದರೂ ಆಮ್ಲಜನಕದ ಕೊರತೆಯಿಂದ ಸಾಯಲ್ಲ. ಇಷ್ಟರಮಟ್ಟಿಗೆ ಅಂಗಡಿಯವರ ಮಾತು ಸರಿ. ಎರಡು, ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾದಿಂದ ಲ್ಯಾಬಿರಿಂತ್ ಕಾಪಾಡಲ್ಲ. ಗಾಳಿ ಕುಡಿಯೋದು ಬೇರೆ, ಕಿವಿರು ಸುಡೋದು ಬೇರೆ. ಈ ಎರಡನ್ನು ಒಂದೇ ಅಂದುಕೊಂಡಿದ್ದರಿಂದಲೇ ಬಾಟಲಿ ಪದ್ಧತಿ ಉಳಿದುಕೊಂಡಿದೆ.

ಇನ್ನೊಂದು ಗಮನಿಸಿ: ನೀರು 27 ಡಿಗ್ರಿ ಇದ್ದು ಮೇಲಿನ ಗಾಳಿ 17 ಡಿಗ್ರಿ ಇದ್ದರೂ ಕಷ್ಟ. ತೊಟ್ಟಿಗೆ ಮುಚ್ಚಳ ಬೇಕು, ಮುಚ್ಚಳಕ್ಕೂ ನೀರಿಗೂ ನಡುವೆ 3–4 ಸೆಂ.ಮೀ. ಜಾಗ ಬೇಕು. ಆ ಜಾಗದ ಗಾಳಿ ಬೆಚ್ಚಗೆ, ತೇವವಾಗಿ ನಿಲ್ಲುತ್ತೆ. ಮೀನು ಹಾರಿ ನೆಲಕ್ಕೆ ಬೀಳೋದೂ ತಪ್ಪುತ್ತೆ.

4. ಟ್ಯಾಂಕ್‌ಮಂಜ

ಗುರು, ಥಾಯ್ ಫಾರ್ಮುಗಳಲ್ಲೇ ಸಾಲು ಸಾಲು ಬಾಟಲಿ ಜೋಡಿಸಿರ್ತಾರಲ್ಲ? ಅವರಿಗೆ ಗೊತ್ತಿಲ್ವಾ ಹಂಗಾದ್ರೆ?

5. ಕೆಸರುಗಾಲು

ಮಂಜ ಅವರೇ, ಒಳ್ಳೆ ಪ್ರಶ್ನೆ. ನಖೋನ್ ಪಥೋಮ್ ಪ್ರಾಂತ್ಯದ ಫಾರ್ಮುಗಳಲ್ಲಿ ಮರಿ ಬೆಳೆಯೋದು ಅಗಲವಾದ ಸಿಮೆಂಟ್ ತೊಟ್ಟಿ, ಹೊಂಡಗಳಲ್ಲಿ. ಗಂಡುಗಳು ಕಚ್ಚಾಡಲು ಶುರು ಮಾಡಿದ ಮೇಲೆ ಮಾತ್ರ ಚಪ್ಪಟೆ ಬಾಟಲಿಗೆ ಹೋಗುತ್ತವೆ. ಚಪ್ಪಟೆ ಯಾಕೆ ಅಂದರೆ ಒತ್ತೊತ್ತಾಗಿ ಜೋಡಿಸಬಹುದು. ಅಲ್ಲಿ ನೀರು ಬದಲಿಸೋಕೇ ಆಳುಗಳಿದ್ದಾರೆ, ವಾತಾವರಣ ವರ್ಷಪೂರ್ತಿ ಬೆಚ್ಚಗಿರುತ್ತೆ, ಆಹಾರ ಮೊಯಿನಾ ಅನ್ನೋ ಜೀವಂತ ನೀರುಚಿಗಟ ("ರಾಯ್ ಡೇಂಗ್" ಅಂತಾರೆ), ಅದು ಉಳಿದರೂ ಒಣ ಕಾಳಿನ ಹಾಗೆ ತಕ್ಷಣ ಕೊಳೆಯಲ್ಲ. ಮುಖ್ಯವಾಗಿ ಅದು ಮಾರಾಟಕ್ಕೆ ಹೋಗುವ ಮುಂಚಿನ ಕೆಲವು ವಾರ. ಲಾರಿಯಲ್ಲಿ ಕೋಳಿ ಬುಟ್ಟಿ ನೋಡಿ ಕೋಳಿಗೂಡಿನ ಅಳತೆ ತೆಗೀತೀವಾ?

6. ಪಿಎಚ್‌ಪಂಡಿತ

ಅಮೋನಿಯಾ ಮಾತು ಬಂದದ್ದರಿಂದ ಅಂಕಿ ಕೊಡ್ತೀನಿ. ನೀರಿನಲ್ಲಿ ಅಮೋನಿಯಾ ಎರಡು ರೂಪದಲ್ಲಿರುತ್ತೆ, ವಿಷವಾದದ್ದು ಒಂದು, ಅಷ್ಟೇನೂ ವಿಷವಲ್ಲದ ಅಮೋನಿಯಂ ಇನ್ನೊಂದು. 25 ಡಿಗ್ರಿಯಲ್ಲಿ ಪಿಎಚ್ (ನೀರಿನ ಹುಳಿ–ಕ್ಷಾರದ ಅಳತೆ) 7 ಇದ್ದರೆ ವಿಷದ ಪಾಲು ನೂರಕ್ಕೆ ಸುಮಾರು 0.5. ಪಿಎಚ್ 8 ಆದರೆ ನೂರಕ್ಕೆ 5 ದಾಟುತ್ತೆ. ಅಂದರೆ ಅದೇ ಕೊಳಕು, ಹತ್ತು ಪಟ್ಟು ವಿಷ. ಗಡಸಾದ, ಪಿಎಚ್ ಹೆಚ್ಚಿರುವ ಬೋರ್‌ವೆಲ್ ನೀರು ಬಳಸುವ ಬೆಂಗಳೂರು, ಕೋಲಾರದ ಕಡೆಯವರು ಇದನ್ನು ನೆನಪಿಡಬೇಕು.

ಹಾಗಂತ ಪಿಎಚ್ ಇಳಿಸೋ ದ್ರಾವಣ ತಂದು ಸುರೀಬೇಡಿ. ಸಾಕುತಳಿ ಫೈಟರ್ 7.5–8ರಲ್ಲೂ ಚೆನ್ನಾಗಿರುತ್ತೆ, ಅಮೋನಿಯಾ, ನೈಟ್ರೈಟ್ (ಅಮೋನಿಯಾವನ್ನು ಬ್ಯಾಕ್ಟೀರಿಯಾ ಒಡೆದಾಗ ಆಗುವ ಇನ್ನೊಂದು ವಿಷ) ಎರಡೂ ಸೊನ್ನೆ ಇದ್ದರೆ. ಅಂಕಿ ಎಷ್ಟು ಅನ್ನೋದಕ್ಕಿಂತ ದಿನಾ ಏರಿಳಿಯದಿರೋದು ಮುಖ್ಯ.

ಕಾವೇರಿ ನೀರಿನವರಿಗೆ ಕ್ಲೋರಿನ್ ಸಮಸ್ಯೆ. ಬಾಯಗಲ ಬಕೆಟ್ಟಲ್ಲಿ 24 ಗಂಟೆ ಇಟ್ಟು ಗಾಳಿ ಬಿಟ್ಟರೆ ಹೋಗುತ್ತೆ. ಕ್ಲೋರಮಿನ್ ಇದ್ದರೆ ಹೋಗಲ್ಲ, ಆಗ ಥಯೋಸಲ್ಫೇಟ್ ಇರುವ ಆಂಟಿಕ್ಲೋರಿನ್ ಹಾಕಿ. ಕ್ಲೋರಮಿನ್ ಒಡೆದಾಗ ಅಮೋನಿಯಾ ಉಳಿಯುತ್ತೆ, ಹಾಗಾಗಿ ಫಿಲ್ಟರ್ ಬಲಿತಿರಬೇಕು, ಅಂದರೆ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಅದರಲ್ಲಿ ನೆಲೆಸಿರಬೇಕು.

7. ಅಂತರಗಂಗೆ

ಗದ್ದೆಯನ್ನು ತೊಟ್ಟಿಗೆ ತರೋದು ಹೇಗೆ ಅಂತ ಕೇಳಿದ್ದಕ್ಕೆ, ಕೆಲಸ ಮಾಡುವ ಒಂದು ಜೋಡಣೆ:

20 ಲೀಟರ್ ತೊಟ್ಟಿ, ಎತ್ತರಕ್ಕಿಂತ ಉದ್ದ ಜಾಸ್ತಿ. ನೀರಿನ ಆಳ 20 ಸೆಂ.ಮೀ. ಮೀರೋದು ಬೇಡ, ಉದ್ದ ರೆಕ್ಕೆಯ ಗಂಡಿಗೆ ಪ್ರತಿ ಉಸಿರಿಗೂ ಮೇಲೆ ಈಜೋದೇ ಶ್ರಮ. 25 ವ್ಯಾಟ್ ಹೀಟರ್, 26–28 ಡಿಗ್ರಿಗೆ. ಡಿಸೆಂಬರ್, ಜನವರಿಯಲ್ಲಿ ಬೆಂಗಳೂರು, ಹಾಸನ, ಮಡಿಕೇರಿ ಕಡೆ ಹೀಟರ್ ಇಲ್ಲದೆ ಆಗಲ್ಲ. ಕರೆಂಟ್ ಹೋದರೆ ಸುತ್ತ ಥರ್ಮೋಕೋಲ್ ಹಾಳೆ ಕಟ್ಟಿ. ಸ್ಪಂಜ್ ಫಿಲ್ಟರ್, ಗಾಳಿಯ ಹರಿವು ವಾಲ್ವಿನಲ್ಲಿ ತಗ್ಗಿಸಿ. ಗದ್ದೆ ನೀರು ನಿಂತ ನೀರು. ಮೀನು ಒಂದೇ ಮೂಲೆಯಲ್ಲಿ ಅವಿತಿದ್ದರೆ ಹರಿವು ಜಾಸ್ತಿ ಅಂತ ತಿಳೀರಿ.

ಗಿಡ: ಮೇಲೆ ಅಂತರಗಂಗೆ ನಾಲ್ಕೈದು, ಕೆಳಗೆ ಜಾವಾ ಫರ್ನ್. ಎಲ್ಲಕ್ಕಿಂತ ಸುಲಭದ್ದು ಮನಿಪ್ಲಾಂಟ್: ಬೇರು ನೀರಲ್ಲಿ, ಎಲೆ ಹೊರಗೆ. ಅಮೋನಿಯಾ ಒಡೆದು ಕೊನೆಗೆ ಉಳಿಯುವ ನೈಟ್ರೇಟ್ ಎಳೆಯೋದರಲ್ಲಿ ಇದಕ್ಕೆ ಸಮ ಇಲ್ಲ. ಎಲೆ ನೀರಿನೊಳಗೆ ಮುಳುಗಿದರೆ ಕೊಳೆತು ಉಲ್ಟಾ ಹೊಡೆಯುತ್ತೆ.

ಖಾಲಿ ತೊಟ್ಟಿ ಬಲಿಯೋಕೆ 4–6 ವಾರ. ಬೇರೆಯವರ ಆರೋಗ್ಯವಂತ ತೊಟ್ಟಿಯ ಸ್ಪಂಜ್ ತುಂಡು ಸಿಕ್ಕರೆ ಬೇಗ. ಆಮೇಲೆ ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲು, ಸ್ಪಂಜನ್ನು ಆ ತೆಗೆದ ನೀರಲ್ಲೇ ಹಿಂಡಿ. ನಲ್ಲಿ ಕೆಳಗೆ ತೊಳೆದರೆ ಬ್ಯಾಕ್ಟೀರಿಯಾ ಸತ್ತು ಮತ್ತೆ ಮೊದಲಿನಿಂದ ಶುರು.

8. ಕಲ್ಲುಪ್ಪು

ಒಣಗಿದ ಕಾಡುಬಾದಾಮಿ ಎಲೆ ಬಿಟ್ಟರಲ್ಲ! ಅದೊಂದು ಹಾಕಿದರೆ ಪಿಎಚ್ ತಾನೇ ಇಳಿಯುತ್ತೆ, ರೋಗವೂ ಬರಲ್ಲ.

9. ಪಿಎಚ್‌ಪಂಡಿತ

ಮೆದು ನೀರಲ್ಲಿ ಇಳಿಯುತ್ತೆ. ಗಡಸು ಬೋರ್ ನೀರಲ್ಲಿ ಕಾರ್ಬೊನೇಟ್ ತಡೆ ಇರುತ್ತೆ, ನಾಲ್ಕು ಎಲೆ ಹಾಕಿದರೂ ಬಣ್ಣ ಚಹಾದಂತಾಗುತ್ತೆ, ಪಿಎಚ್ ಅಲ್ಲೇ ನಿಂತಿರುತ್ತೆ. ಬಣ್ಣ ನೋಡಿ ಪಿಎಚ್ ಇಳೀತು ಅನ್ನೋದು ಎಲ್ಲರೂ ಮಾಡುವ ತಪ್ಪು. "ರೋಗವೇ ಬರಲ್ಲ" ಅನ್ನೋದೂ ಹೆಚ್ಚಾಯ್ತು. ಎಲೆಯಿಂದ ಇಳಿಯುವ ಒಗರು ಅಂಶ ಟ್ಯಾನಿನ್ನಿಂದ ಶಿಲೀಂಧ್ರ ಸ್ವಲ್ಪ ಹಿಡಿತದಲ್ಲಿರುತ್ತೆ, ಬೆಳಕು ಮಂದವಾಗಿ ಮೀನು ನೆಮ್ಮದಿಯಾಗಿರುತ್ತೆ, ಗಂಡು ಮೊಟ್ಟೆಗಾಗಿ ನೊರೆಗೂಡು ಕಟ್ಟೋಕೆ ಎಲೆ ಆಸರೆ. ಇಷ್ಟು ಸಾಕಲ್ಲ ಸ್ವಾಮಿ?

10. ಕೆಸರುಗಾಲು

ಎಲೆಯ ಲೆಕ್ಕ: 20 ಲೀಟರಿಗೆ ಅಂಗೈಯಗಲದ್ದು ಒಂದು. ತಾನಾಗಿ ಉದುರಿ ಕಂದಾಗಿ ಒಣಗಿದ್ದು ಮಾತ್ರ. ಹಸಿರು ಎಲೆ ಕೊಳೆತು ನೀರು ನಾರುತ್ತೆ. ಔಷಧಿ ಹೊಡೆಯುವ ಪಾರ್ಕು, ರಸ್ತೆ ಬದಿಯದು ಬೇಡ. ಮೂರು ನಾಲ್ಕು ವಾರಕ್ಕೆ ಜಾಲರಿಯಂತಾಗುತ್ತೆ, ಆಗ ಬದಲಿಸಿ. ಥಾಯ್ ಭಾಷೆಯಲ್ಲಿ ಈ ಮರದ ಹೆಸರು "ಹು ಕ್ವಾಂಗ್", ಜಿಂಕೆ ಕಿವಿ ಅಂತ. ಎಲೆ ಆಕಾರ ನೋಡಿದರೆ ಯಾಕೆ ಅಂತ ತಿಳಿಯುತ್ತೆ.

11. ಟ್ಯಾಂಕ್‌ಮಂಜ

ಮರಿ ಮಾಡ್ಸೋದು ಹೇಳಿ. ಗಂಡು ಮೊಟ್ಟೆ ತಿಂದ್ಹಾಕುತ್ತೆ ಅಂತಾರೆ, ಇಲ್ಲಾಂದ್ರೆ ಮರಿ ಒಂದೇ ವಾರದಲ್ಲಿ ಮಾಯ.

12. ಗುಳ್ಳೆಗೂಡು

ಉದ್ದ ಆಗುತ್ತೆ, ಓದ್ಕೊಳ್ಳಿ.

ಗಂಡಿಗೆ ಕನಿಷ್ಠ ಐದಾರು ತಿಂಗಳಾಗಿರಬೇಕು. ಗಂಡು, ಹೆಣ್ಣು ಎರಡನ್ನೂ ಹತ್ತು ಹದಿನಾಲ್ಕು ದಿನ ಬೇರೆ ಬೇರೆ ಇಟ್ಟು ಸೊಳ್ಳೆ ಮರಿಹುಳು, ಡ್ಯಾಫ್ನಿಯಾ (ಒಂದು ಬಗೆಯ ನೀರುಚಿಗಟ) ಕೊಡಿ. ಹೆಣ್ಣಿನ ಹೊಟ್ಟೆ ದುಂಡಗಾಗಿ, ಕೆಳಗೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ ಎದ್ದು ಕಾಣಬೇಕು.

30–40 ಲೀಟರಿನ ಪ್ಲಾಸ್ಟಿಕ್ ಟಬ್, ನೀರು 12–15 ಸೆಂ.ಮೀ. ಮಾತ್ರ. ಕಲ್ಲು, ಮರಳು ಹಾಕಬೇಡಿ. ಮೊಟ್ಟೆ ಮುಳುಗುವ ಜಾತಿಯದು, ಸಂದಿಗೆ ಬಿದ್ದರೆ ಗಂಡಿಗೆ ಸಿಗಲ್ಲ. ಥರ್ಮೋಕೋಲ್ ಲೋಟವನ್ನು ಉದ್ದಕ್ಕೆ ಸೀಳಿ ಅರ್ಧವನ್ನು ಬೋರಲಾಗಿ ತೇಲಿಬಿಡಿ, ಅದರಡಿ ಗೂಡು ಕಟ್ಟುತ್ತೆ. ಒಂದು ಮೂಲೆಯಲ್ಲಿ ಹೆಣ್ಣು ಅವಿತುಕೊಳ್ಳೋಕೆ ದಟ್ಟ ಗಿಡ. 28 ಡಿಗ್ರಿ. ಮೇಲೆ ಪ್ಲಾಸ್ಟಿಕ್ ಹಾಳೆ.

ಎರಡೂ ಕಡೆ ಕತ್ತರಿಸಿದ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ ಹೆಣ್ಣನ್ನು ಅದರೊಳಗೆ 24 ಗಂಟೆ ಬಿಡಿ. ಮೈಮೇಲೆ ಅಡ್ಡಪಟ್ಟಿ, ಅಂದರೆ ಬೆನ್ನಿಂದ ಹೊಟ್ಟೆಗೆ ಇಳಿದ ಪಟ್ಟಿ ಮೂಡಿ ತಲೆ ತಗ್ಗಿಸಿ ನಿಂತರೆ ಸಿದ್ಧ. ತಲೆಯಿಂದ ಬಾಲಕ್ಕೆ ಉದ್ದಪಟ್ಟಿ ಕಂಡರೆ ಹೆದರಿದೆ, ಬಿಡಬೇಡಿ. ಬಿಟ್ಟ ಮೇಲೆ ಬಾಲ ಒಂದಿಷ್ಟು ಹರಿಯೋದು ಸಾಮಾನ್ಯ. ಎರಡು ದಿನವಾದರೂ ಕೂಡದಿದ್ದರೆ ತೆಗೆದುಬಿಡಿ.

ಕೂಡುವಾಗ ಗಂಡು ಹೆಣ್ಣಿನ ನಡುವಿಗೆ ಬಳ್ಳಿಯ ಹಾಗೆ ಸುತ್ತಿಕೊಳ್ಳುತ್ತೆ. ಕೆಲವು ಕ್ಷಣ ಎರಡೂ ಮೂರ್ಛೆ ಹೋದಂತೆ ಸ್ತಬ್ಧ. ಸಾಸಿವೆಗಿಂತ ಸಣ್ಣ ಬಿಳಿ ಮೊಟ್ಟೆಗಳು ಉದುರುತ್ತವೆ, ಗಂಡು ಎಚ್ಚೆತ್ತು ಧುಮುಕಿ ಬಾಯಲ್ಲಿ ಹೆಕ್ಕಿ ನೊರೆಗೆ ಉಗುಳುತ್ತೆ. ಹೀಗೆ ಗಂಟೆಗಟ್ಟಲೆ. ಮುಗಿದ ಮೇಲೆ ಹೆಣ್ಣನ್ನು ಅಟ್ಟಿಸಿಕೊಂಡು ಹೋಗುತ್ತೆ. ಆಗಲೇ ಹೆಣ್ಣನ್ನು ತೆಗೆಯಿರಿ, ಗಂಡು ಇರಲಿ.

ಮೊಟ್ಟೆ ತಿನ್ನೋದಕ್ಕೆ ಮುಖ್ಯ ಕಾರಣ ಎರಡು: ಫಲವಾಗದ ಮೊಟ್ಟೆಗಳು, ಇಲ್ಲಾ ನೀವೇ. ಘಳಿಗೆಗೊಮ್ಮೆ ಬಗ್ಗಿ ನೋಡೋದು, ಲೈಟ್ ಹಾಕಿ ತೆಗೆಯೋದು ಬೇಡ. ರಾತ್ರಿ ಒಂದು ಮಂದ ದೀಪ ಉರೀತಿರಲಿ, ಬಿದ್ದ ಮರಿ ಗಂಡಿಗೆ ಕಾಣಬೇಕು.

ಒಂದು ಒಂದೂವರೆ ದಿನಕ್ಕೆ ಒಡೆದು ಮರಿಗಳು ಬಾಲ ಕೆಳಗೆ ಮಾಡಿ ನೊರೆಗೆ ನೇತಾಡುತ್ತವೆ. ಇನ್ನೆರಡು ಮೂರು ದಿನಕ್ಕೆ ಅಡ್ಡಡ್ಡ ಈಜಿದರೆ ಗಂಡಿನ ಕೆಲಸ ಮುಗೀತು, ತೆಗೆಯಿರಿ.

13. ಗುಳ್ಳೆಗೂಡು

ಹಿಂದಿನದರ ಮುಂದುವರಿಕೆ. "ಒಂದೇ ವಾರದಲ್ಲಿ ಮಾಯ" ಅಂದ್ರೆ ಹಸಿವು. ಪುಡಿ ಮಾಡಿದ ಒಣ ಆಹಾರ ಈ ಮರಿ ತಿನ್ನಲ್ಲ, ಅಲುಗಾಡೋದನ್ನು ಮಾತ್ರ ಹಿಡಿಯುತ್ತೆ. ಪುಡಿ ಕೊಳೆತು ನೀರು ಕೆಡುತ್ತೆ. ನೀವು ನೋಡೋದು ಹಸಿವು, ಅಮೋನಿಯಾ ಎರಡೂ ಸೇರಿದ ಸಾವು.

ಮೊದಲ ಮೂರು ನಾಲ್ಕು ದಿನ ಇನ್‌ಫ್ಯೂಸೋರಿಯಾ, ಅಂದರೆ ಧೂಳಿನಷ್ಟು ಸಣ್ಣ ನೀರುಜೀವಿಗಳು. ಎರಡು ಲೀಟರ್ ಜಾಡಿ, ಹಳೇ ತೊಟ್ಟಿಯ ನೀರು, ಒಂದು ಹಿಡಿ ಭತ್ತದ ಹುಲ್ಲು. ಔಷಧಿ ಹೊಡೆದ ಗದ್ದೆಯ ಹುಲ್ಲು ಬೇಡ. ಎರಡನೇ ದಿನ ಗಂಜಿಯಂತೆ ಬೆಳ್ಳಗೆ ಮಬ್ಬಾಗುತ್ತೆ, ಅದು ಬರೀ ಬ್ಯಾಕ್ಟೀರಿಯಾ, ಆಗ ಕೊಟ್ಟರೆ ಕೆಡುಕು. ನಾಲ್ಕೈದು ದಿನಕ್ಕೆ ನೀರು ತಿಳಿಯಾಗಿ, ಟಾರ್ಚ್ ಹಿಡಿದರೆ ಧೂಳಿನಂತೆ ಹರಿದಾಡೋದು ಕಂಡರೆ ತಯಾರು. ಅಂದರೆ ಜೋಡಿ ಬಿಡೋ ದಿನವೇ ಜಾಡಿ ಇಡಬೇಕು, ಮರಿ ಈಜಿದ ಮೇಲೆ ಇಟ್ಟರೆ ತಡವಾಯ್ತು.

ಆಮೇಲೆ ಆರ್ಟೀಮಿಯಾ, ಅಂದರೆ ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿಯ ಆಗಷ್ಟೇ ಒಡೆದ ಮರಿ.

14. ಕಲ್ಲುಪ್ಪು

ಆರ್ಟೀಮಿಯಾ ಒಡೆಸೋ ಅಳತೆ ಯಾರಾದ್ರೂ ಸರಿಯಾಗಿ ಹೇಳಿ. ಪ್ಯಾಕೆಟ್ಟಿನ ಮೇಲೆ ಒಂದೊಂದರಲ್ಲಿ ಒಂದೊಂದು.

15. ಅಂತರಗಂಗೆ

ಒಂದು ಲೀಟರ್ ನೀರು, 25 ಗ್ರಾಂ ಉಪ್ಪು, ನೀರು ಮೆದುವಾಗಿದ್ದರೆ ಚಿಟಿಕೆ ಅಡುಗೆ ಸೋಡಾ, ಒಂದು ಗ್ರಾಂ ಮೊಟ್ಟೆ. 27–28 ಡಿಗ್ರಿ, ಬೆಳಕು. ಬಾಟಲಿ ತಲೆಕೆಳಗು ಮಾಡಿ ಗಾಳಿ ತೀರಾ ತಳದಿಂದ ಬರಬೇಕು. ತಳದಲ್ಲಿ ಕೂತ ಮೊಟ್ಟೆ ಒಡೆಯಲ್ಲ, ಪ್ಯಾಕೆಟ್ ಸರಿಯಿಲ್ಲ ಅಂತ ಬೈಯೋದು ಬಹುಪಾಲು ಇದಕ್ಕೇ. 24 ಗಂಟೆ ಕಳೆದ ಮೇಲೆ ಗಾಳಿ ನಿಲ್ಲಿಸಿ ಹತ್ತು ನಿಮಿಷ ಬಿಡಿ. ಚಿಪ್ಪು ಮೇಲೆ ತೇಲುತ್ತೆ, ಕಿತ್ತಳೆ ಬಣ್ಣದ ಮರಿ ಬೆಳಕಿದ್ದ ಕಡೆ ಸೇರುತ್ತೆ. ಸಣ್ಣ ಪೈಪಲ್ಲಿ ಎಳೆದು ತೆಳು ಬಟ್ಟೆಯಲ್ಲಿ ಸೋಸಿ, ಸಿಹಿನೀರಲ್ಲಿ ತೊಳೆದು ಕೊಡಿ. ಹೊತ್ತು ಕಳೆದಷ್ಟೂ ಅದರ ಹೊಟ್ಟೆಯ ಸತ್ವ ಇಳಿಯುತ್ತೆ. ತಿಂದ ಮೀನುಮರಿಯ ಹೊಟ್ಟೆ ಗಸಗಸೆ ಕಾಳಿಗೆ ಕೇಸರಿ ಬಳಿದಂತೆ ಕಾಣುತ್ತೆ. ಹಾಗೆ ಕಾಣದಿದ್ದರೆ ಆ ಮರಿ ತಿಂದಿಲ್ಲ.

16. ಪಿಎಚ್‌ಪಂಡಿತ

ಮೂರು ನಾಲ್ಕನೇ ವಾರದ ಸಾವಿನ ಬಗ್ಗೆ ಯಾರೂ ಹೇಳಲಿಲ್ಲ. ಲ್ಯಾಬಿರಿಂತ್ ಬೆಳೆಯೋದು ಆಗ. ಅಲ್ಲೀತನಕ ಮರಿ ಬರೀ ಕಿವಿರಿನಿಂದ ಉಸಿರಾಡುತ್ತೆ, ಆದ್ದರಿಂದ ಮರಿ ತೊಟ್ಟಿಗೆ ಸಣ್ಣಗೆ ಗಾಳಿ ಬೇಕೇ ಬೇಕು. ನೀರಿನ ಮೇಲೆ ಎಣ್ಣೆಯಂಥ ಪೊರೆ ಕಟ್ಟಿದರೆ ಟಿಶ್ಯೂ ಕಾಗದ ಹಾಸಿ ಎಳೆದು ತೆಗೆಯಿರಿ, ಪೊರೆಯಿದ್ದರೆ ಮೊದಲ ಗುಟುಕು ಸಿಗಲ್ಲ. ಮುಚ್ಚಳ ತೆಗೆದಿಟ್ಟರೆ ತಣ್ಣನೆ ಗಾಳಿ ಹೊಡೆಯುತ್ತೆ. ಈ ಮೂರು ಸರಿ ಇದ್ದರೆ ಆ ವಾರ ದಾಟುತ್ತೆ.

17. ಟ್ಯಾಂಕ್‌ಮಂಜ

ಉಪ್ಪು ಹಾಕ್ಬೇಕೋ ಬೇಡ್ವೋ? ಅರ್ಧ ಜನ ಹೌದು ಅಂತಾರೆ, ಅರ್ಧ ಜನ ಬೇಡ ಅಂತಾರೆ.

18. ಕಲ್ಲುಪ್ಪು

ಹೆಸರೇ ಕಲ್ಲುಪ್ಪು, ನಾನೇ ಹೇಳ್ತೀನಿ: ದಿನನಿತ್ಯಕ್ಕೆ ಬೇಡ. ರೆಕ್ಕೆ ಅಂಚು ಕೊಳೀತಿದ್ದರೆ ಮೊದಲು ನೀರು ಬದಲಿಸಿ, ಆಮೇಲೆ ಬೇರೆ ಡಬ್ಬಿಯಲ್ಲಿ ಲೀಟರಿಗೆ 1 ಗ್ರಾಂನಿಂದ ಶುರು ಮಾಡಿ, 2ಕ್ಕೆ ಏರಿಸಿ, ಹತ್ತು ದಿನಕ್ಕೆ ನಿಲ್ಲಿಸಿ. ನೀರು ಆವಿಯಾಗುತ್ತೆ, ಉಪ್ಪು ಆಗಲ್ಲ. ಇಂಗಿದ ನೀರು ತುಂಬಿಸುವಾಗ ಮತ್ತೆ ಉಪ್ಪು ಹಾಕಿದರೆ ಒಂದು ವಾರದಲ್ಲಿ ಉಪ್ಪಿನಕಾಯಿ.

ವೆಲ್ವೆಟ್ ರೋಗ ಬೇರೆ. ಕತ್ತಲಲ್ಲಿ ಟಾರ್ಚ್ ಓರೆಯಾಗಿ ಹಿಡಿದರೆ ಮೈಮೇಲೆ ಚಿನ್ನದ ಪುಡಿ ಉದುರಿಸಿದಂತೆ ಕಾಣುತ್ತೆ. ಈ ರೋಗ ತರುವ ಪರಾವಲಂಬಿ ಬೆಳಕನ್ನೂ ಉಣ್ಣುತ್ತೆ, ಅದಕ್ಕೆ ಔಷಧಿ ಜೊತೆ ತೊಟ್ಟಿಗೆ ಕಪ್ಪು ಬಟ್ಟೆ ಹೊದಿಸಿ. ಹುರುಪೆಗಳು ಅನಾನಸ್ ಮೈಯಂತೆ ಎದ್ದು ನಿಂತಿದ್ದರೆ ಒಳಗಿನ ಅಂಗ ಸೋತಿದೆ, ಉಳಿಯೋದು ಅಪರೂಪ.

ಹೊಟ್ಟೆ ಉಬ್ಬಿ ವಾಲಾಡಿದರೆ ಎರಡು ದಿನ ಉಪವಾಸ, ಆಮೇಲೆ ಡ್ಯಾಫ್ನಿಯಾ. ಬಟಾಣಿ ಕೊಡಿ ಅನ್ನೋ ಸಲಹೆ ಗೋಲ್ಡ್‌ಫಿಶ್‌ನಿಂದ ಎರವಲು ತಂದದ್ದು, ಇದು ಹುಳ ತಿನ್ನೋ ಮೀನು. ದಿನಕ್ಕೆ ಎರಡು ಸಲ, ಒಂದು ಮಿಲಿಮೀಟರಿನ ಕಾಳು ಮೂರು ನಾಲ್ಕು, ಅಷ್ಟೇ. ಕೈಯಲ್ಲಿ ಗಾಯ ಇದ್ದಾಗ ತೊಟ್ಟಿಗೆ ಕೈ ಹಾಕಬೇಡಿ, ಮೀನಿನ ಮೈಕೋಬ್ಯಾಕ್ಟೀರಿಯಾ ಮನುಷ್ಯರ ಚರ್ಮಕ್ಕೂ ಹತ್ತುತ್ತೆ.

19. ಕರಾವಳಿಕಾಲುವೆ

ಕಾಡುತಳಿ ಅಂತ ಈಗ ಮಾರ್ತಾ ಇದ್ದಾರೆ ಮಾರಾಯ್ರೆ. ಗುರುತು ಹೇಗೆ?

20. ಕೆಸರುಗಾಲು

ಕಿವಿರುಮುಚ್ಚಳ ನೋಡಿ. ಸ್ಪ್ಲೆಂಡೆನ್ಸ್ ಕಾಡುಗಂಡಿಗೆ ಅಲ್ಲಿ ಎರಡು ಕೆಂಪು ಗೀರು, ಮೈ ಕಂದು, ಹಸಿರು-ನೀಲಿ ಮಿಂಚು ಸಾಲು ಸಾಲು. ಈಶಾನ್ಯ ಥಾಯ್ಲೆಂಡ್, ಲಾವೋಸ್ ಕಡೆಯ ಇನ್ನೊಂದು ಬೆಟ್ಟಾ ಜಾತಿ ಸ್ಮರಾಗ್ಡಿನಾಗೆ ಕಿವಿರುಮುಚ್ಚಳ ಪೂರ್ತಿ ಹಸಿರು ಹೊಳಪು. ದಕ್ಷಿಣ ಥಾಯ್ಲೆಂಡ್, ಮಲೇಷ್ಯಾದ ಇಂಬೆಲ್ಲಿಸ್‌ಗೆ ಬಾಲದ ಅಂಚಲ್ಲಿ ಕೆಂಪು ಅರ್ಧಚಂದ್ರ. 2012ರಲ್ಲಿ ಹೆಸರು ಪಡೆದ ಮಹಾಚಾಯೆನ್ಸಿಸ್ ಇರೋದು ಸಮುತ್ ಸಾಖೋನ್ ಕಡೆಯ ಉಪ್ಪುಸೋಂಕಿದ ನೀಪಾ ತಾಳೆಯ ಜೌಗಿನಲ್ಲಿ.

ಮಾರಾಟಕ್ಕಿರುವ "ಕಾಡುತಳಿ" ಬಹುಪಾಲು ಇವುಗಳ ಮಿಶ್ರಣ. ಈ ಮೀನನ್ನು ಸಾಕಿ ಪಳಗಿಸೋದು ಕನಿಷ್ಠ 400 ವರ್ಷ ಹಳೆಯದು ಅಂತ 2022ರ ಜೀನೋಮ್ ಅಧ್ಯಯನ ತೋರಿಸಿತು. ಸಾಕುತಳಿಯ ವಂಶವಾಹಿ ಕಾಡಿನ ಮೀನಿಗೂ ಬೆರೆತಿದೆ ಅನ್ನೋದೂ ಅದರಲ್ಲೇ ಕಂಡಿತು. ಗದ್ದೆಗೆ ಹೊಡೆಯುವ ಕೀಟನಾಶಕ, ಮುಚ್ಚಿಹೋದ ಜೌಗು, ಮೇಲಿಂದ ಈ ಬೆರಕೆ. ಲೆಕ್ಕವಿಲ್ಲದಷ್ಟು ಮನೆಗಳಲ್ಲಿರುವ ಮೀನು ಐಯುಸಿಎನ್ (ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ) ಪಟ್ಟಿಯಲ್ಲಿ ಅಪಾಯಕ್ಕೆ ಪಕ್ಕಾದದ್ದು ಅಂತ ಇರೋದು ಇದಕ್ಕೇ.

21. ಕರಾವಳಿಕಾಲುವೆ

ಹಾಗಾದ್ರೆ ಮರಿ ಜಾಸ್ತಿಯಾದ್ರೆ ನಮ್ಮ ಗದ್ದೆ ತೋಡಿಗೆ ಬಿಡಬಹುದಾ? ಸೊಳ್ಳೆಗಾದ್ರೂ ಆಗ್ತದೆ.

22. ಅಂತರಗಂಗೆ

ಬೇಡವೇ ಬೇಡ ಅಣ್ಣ. ದಕ್ಷಿಣ ಭಾರತದ ಗದ್ದೆ ತೋಡುಗಳಲ್ಲಿ ಇದೇ ಕುಟುಂಬದ ಪುಟ್ಟ ಮೀನು ಆಗಲೇ ಇದೆ, ಸ್ಯೂಡೋಸ್ಫ್ರೊಮೆನಸ್ ಕುಪಾನಸ್. ಅದೂ ಗಾಳಿ ಕುಡಿಯುತ್ತೆ, ಅದೂ ನೊರೆಗೂಡು ಕಟ್ಟುತ್ತೆ, ಅದೂ ಸೊಳ್ಳೆ ಮರಿಹುಳು ತಿನ್ನುತ್ತೆ. ಅದರ ಜಾಗಕ್ಕೂ ಊಟಕ್ಕೂ ಹೊರಗಿನ ಪೋಟಿ ತರೋದಲ್ಲದೆ ತೊಟ್ಟಿಯ ರೋಗವೂ ಜೊತೆಗೆ ಹೋಗುತ್ತೆ. ಹೆಚ್ಚಾದ ಮರಿ ಯಾರಿಗಾದರೂ ಕೊಡಿ. ಅದಕ್ಕಿಂತ ಮುಂಚೆ, ಒಂದು ಸಲಕ್ಕೆ 300 ಮರಿ ಬಂದರೆ ಅದರಲ್ಲಿ ಗಂಡುಗಳಿಗೆಲ್ಲ ಎಂಟನೇ ವಾರದಿಂದ ಒಂದೊಂದು ಬೇರೆ ಡಬ್ಬಿ ಬೇಕು ಅನ್ನೋ ಲೆಕ್ಕ ಹಾಕಿ ಜೋಡಿ ಬಿಡಿ.

23. ಟ್ಯಾಂಕ್‌ಮಂಜ

ನೂರೈವತ್ತು ಡಬ್ಬಿ!

24. ಗುಳ್ಳೆಗೂಡು

ಹೌದು ಮಂಜಣ್ಣ, ಡಬ್ಬಿಗೆ ಎರಡು ಲೀಟರ್ ಅಂದರೂ 300 ಲೀಟರ್ ನೀರು, ದಿನ ಬಿಟ್ಟು ದಿನ ಬದಲಿಸಬೇಕು. ಡಬ್ಬಿ ಡಬ್ಬಿಯ ನಡುವೆ ರಟ್ಟು ನಿಲ್ಲಿಸಿ, ಇಲ್ಲಾಂದ್ರೆ ದಿನವಿಡೀ ಒಂದನ್ನೊಂದು ನೋಡಿ ಕಿವಿರು ಅರಳಿಸಿ ಸುಸ್ತಾಗಿ ಊಟ ಬಿಡುತ್ತವೆ. ಹೆಣ್ಣುಗಳನ್ನು ಒಟ್ಟಿಗೆ ದೊಡ್ಡ ತೊಟ್ಟಿಯಲ್ಲಿ ಬೆಳೆಸಬಹುದು, ಗಿಡ ದಟ್ಟವಾಗಿರಬೇಕು, ಕಚ್ಚೋ ಒಂದೆರಡನ್ನು ಹೆಕ್ಕಿ ತೆಗೀಬೇಕು.